ಈ ಹಾಡು ಹಾಕಿದವರು ಯಾರು?

ಸ್ನೇಹಿತರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ಧ್ವನಿ ಮಾಂತ್ರಿಕರು’ ಎಂಬ ಶೀರ್ಷಿಕೆ ಅಚ್ಚಾಗಿದೆ. ಸಂಘಟಕರ ಪ್ರೀತಿ ದೊಡ್ಡದು, ಆದರೆ ನನ್ನ ತಕರಾರು ಆ ಶೀರ್ಷಿಕೆಯಿಂದಲೇ ಶುರುವಾಗುತ್ತದೆ. ಇಪ್ಪತ್ತು ವರ್ಷ ರೇಡಿಯೊ ನಿಲಯದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತವನು ನಾನು. ನನ್ನ ಲೆಕ್ಕದಲ್ಲಿ ಧ್ವನಿ ಈ ಕೆಲಸದ ಕಾಲು ಭಾಗ. ಉಳಿದ ಮುಕ್ಕಾಲು, ಮುಂದಿನ ಹಾಡು ಯಾವುದೆಂದು ತೀರ್ಮಾನಿಸುವುದು. ಹಾಗಾಗಿ ಇವತ್ತು ನನ್ನ ಜೇಬಿನಲ್ಲಿರುವುದು ಒಂದೇ ಪ್ರಶ್ನೆ: ಈ ಹಾಡು ಹಾಕಿದವರು ಯಾರು?

ರೇಡಿಯೊದಲ್ಲಿ ರೆಕಾರ್ಡು ಹಾಕಿ ನಡುನಡುವೆ ಮಾತನಾಡುವವನಿಗೆ ಇರುವ ‘ಡಿಸ್ಕ್ ಜಾಕಿ’ ಎಂಬ ಹೆಸರನ್ನೇ ನೋಡಿ. ಜಾಕಿ ಎಂದರೆ ರೇಸಿನ ಸವಾರ. ಕುದುರೆ ಅವನದಲ್ಲ, ಮೈದಾನ ಅವನದಲ್ಲ, ಗೆದ್ದ ಹಣದಲ್ಲಿ ದೊಡ್ಡ ಪಾಲೂ ಅವನದಲ್ಲ. ಲಗಾಮು ಮಾತ್ರ ಅವನ ಕೈಯಲ್ಲಿರುತ್ತದೆ. ಆ ಲಗಾಮು ಎಲ್ಲಿಗೆ ಹೋಯಿತು ಎಂಬುದೇ ಈ ವೃತ್ತಿಯ ಚರಿತ್ರೆ.

1935ರಲ್ಲಿ ನ್ಯೂಯಾರ್ಕಿನ ಒಂದು ನಿಲಯದಲ್ಲಿ ಮಾರ್ಟಿನ್ ಬ್ಲಾಕ್ ಎಂಬ ಉದ್ಘೋಷಕರಿದ್ದರು. ಹೆಸರಾಂತ ವಿಮಾನ ಚಾಲಕ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣದ ವಿಚಾರಣೆ ನಡೆಯುತ್ತಿತ್ತು. ಒಂದು ಸುದ್ದಿಗೂ ಇನ್ನೊಂದಕ್ಕೂ ನಡುವಿನ ಹೊತ್ತನ್ನು ಏನಾದರೂ ಮಾಡಿ ತುಂಬಿಸಬೇಕಿತ್ತು. ನಿಲಯದಲ್ಲಿ ರೆಕಾರ್ಡುಗಳಿರಲಿಲ್ಲ. ಅಂಗಡಿಗೆ ಹೋಗಿ ಕೊಂಡು ತಂದರು. ತಂದವರು ಸುಮ್ಮನೆ ಹಾಕಲಿಲ್ಲ. ತಾವು ದೊಡ್ಡ ನೃತ್ಯಮಂದಿರದಲ್ಲಿದ್ದೇವೆ, ಎದುರಿಗೇ ವಾದ್ಯವೃಂದ ಕುಳಿತಿದೆ ಎಂಬಂತೆ ಮಾತನಾಡಿದರು. ಕೇಳುಗರಿಗೆ ಅದು ನಾಟಕವೆಂದು ಗೊತ್ತಿತ್ತು, ಆದರೂ ಬೇಕಾಗಿತ್ತು. ಆಗಿನ ಎಷ್ಟೋ ರೆಕಾರ್ಡುಗಳ ಮೇಲೆ ‘ರೇಡಿಯೊ ಪ್ರಸಾರಕ್ಕೆ ಪರವಾನಗಿ ಇಲ್ಲ’ ಎಂದೇ ಅಚ್ಚಾಗಿರುತ್ತಿತ್ತು. ಕೊಂಡ ರೆಕಾರ್ಡನ್ನು ನಿಲಯಗಳು ಹಾಕಬಹುದು ಎಂದು ಅಮೆರಿಕದ ನ್ಯಾಯಾಲಯ ಹೇಳಿದ್ದು 1940ರಲ್ಲಿ. ಅಂದರೆ ನಮ್ಮ ಕಸುಬು ಹುಟ್ಟಿದ್ದೇ ಅರ್ಧ ಕಳ್ಳತನದಲ್ಲಿ. ಅದಕ್ಕೇ ಇರಬೇಕು, ನಮ್ಮ ಮೇಲೆ ಮಾಲೀಕರಿಗೆ ಇವತ್ತಿಗೂ ನಂಬಿಕೆಯಿಲ್ಲ.

ಈಗ ನನಗೆ ಬಹಳ ಪ್ರಿಯವಾದ ಕಥೆಗೆ ಬರುತ್ತೇನೆ. ಹಿಂದೆ ನನ್ನ ಮಾತು ಕೇಳಿದವರು ಕ್ಷಮಿಸಬೇಕು, ಇದನ್ನು ಹೇಳದೆ ನಾನು ಕೆಳಗಿಳಿಯುವವನಲ್ಲ. 1950ರ ಆಸುಪಾಸು, ಅಮೆರಿಕದ ಒಮಾಹಾ ನಗರ. ಟಾಡ್ ಸ್ಟಾರ್ಜ್ ಎಂಬ ನಿಲಯದ ಮಾಲೀಕರು ಒಂದು ಹೋಟೆಲಿನಲ್ಲಿ ಕುಳಿತಿದ್ದಾರೆ. ಮೂಲೆಯಲ್ಲಿ ಜೂಕ್‌ಬಾಕ್ಸ್. ಬಂದವರೆಲ್ಲ ನಾಣ್ಯ ಹಾಕಿ ಅದೇ ಎರಡು ಮೂರು ಹಾಡುಗಳನ್ನು ಕೇಳುತ್ತಾರೆ. ಸಂಜೆಯಾಯಿತು, ರಾತ್ರಿಯಾಯಿತು, ಗಿರಾಕಿಗಳು ಎದ್ದು ಹೋದರು. ಬಡಿಸುವ ಹೆಂಗಸು ಮೇಜು ಒರೆಸಿದಳು, ಕುರ್ಚಿಗಳನ್ನು ಮೇಲೆತ್ತಿಟ್ಟಳು. ಇನ್ನಾದರೂ ಆ ಹಾಡಿನಿಂದ ಬಿಡುಗಡೆ ಎಂದು ಅವಳು ಉಸಿರು ಬಿಡಬೇಕು, ಅಲ್ಲವೇ? ಅವಳು ತನ್ನ ಸ್ವಂತ ನಾಣ್ಯ ತೆಗೆದು ಜೂಕ್‌ಬಾಕ್ಸಿಗೆ ಹಾಕಿ, ದಿನವಿಡೀ ಕೇಳಿದ ಅದೇ ಹಾಡನ್ನು ಮತ್ತೊಮ್ಮೆ ಹಚ್ಚಿದಳು!

ಇದು ನಡೆದದ್ದೋ, ಆಮೇಲೆ ಕಟ್ಟಿದ್ದೋ, ಜಗಳ ಇನ್ನೂ ಮುಗಿದಿಲ್ಲ. ಆದರೆ ಜನರಿಗೆ ಬೇಕಾದ ಕೆಲವೇ ಹಾಡುಗಳನ್ನು ಮತ್ತೆ ಮತ್ತೆ ಹಾಕುವ ‘ಟಾಪ್ 40’ ಪದ್ಧತಿ ಬೆಳೆದದ್ದು ಸ್ಟಾರ್ಜ್ ಅವರಂಥವರಿಂದ. ನನ್ನ ತಕರಾರು ಅವರು ಆ ಹೆಂಗಸಿನಿಂದ ಕಲಿತ ಪಾಠದ ಬಗ್ಗೆ. ಅವರಿಗೆ ಕಂಡದ್ದು ಅದೇ ಹಾಡು. ನನಗೆ ಕಾಣುವುದು ಅವಳ ನಾಣ್ಯ. ಹಗಲೆಲ್ಲ ಆ ಹಾಡು ಬೇರೆಯವರದಾಗಿತ್ತು, ಅಂಗಡಿ ಮುಚ್ಚಿದ ಮೇಲೆ ಅವಳದಾಯಿತು.

ಇದರ ಪಕ್ಕಕ್ಕೆ ಇನ್ನೊಂದು ಪುನರಾವರ್ತನೆಯನ್ನು ಇಡುತ್ತೇನೆ. 1978ರ ಸೆಪ್ಟೆಂಬರ್, ಬಿಬಿಸಿ ರೇಡಿಯೊ 1. ಅಲ್ಲಿನ ಜಾಕಿ ಜಾನ್ ಪೀಲ್, ಉತ್ತರ ಐರ್ಲೆಂಡಿನ ಡೆರಿ ನಗರದ ‘ದಿ ಅಂಡರ್‌ಟೋನ್ಸ್’ ಎಂಬ ಹುಡುಗರ ತಂಡದ ‘ಟೀನೇಜ್ ಕಿಕ್ಸ್’ ಹಾಡನ್ನು ಹಾಕಿದರು. ಮುಗಿಯಿತು. ಕೂಡಲೇ ಅದನ್ನೇ ಇನ್ನೊಮ್ಮೆ ಹಾಕಿದರು. ಯಾವ ಪಟ್ಟಿಯೂ ಹಾಗೆ ಹೇಳಿರಲಿಲ್ಲ. ಒಬ್ಬ ಮನುಷ್ಯನಿಗೆ ತಡೆಯಲಾಗಲಿಲ್ಲ, ಅಷ್ಟೇ. ಇದೇ ಪೀಲ್ ಆಗಾಗ ರೆಕಾರ್ಡನ್ನು ತಪ್ಪು ವೇಗದಲ್ಲಿ ತಿರುಗಿಸಿಬಿಟ್ಟು ಕ್ಷಮೆ ಕೇಳುತ್ತಿದ್ದರು. ಈಗಿನ ಯಂತ್ರಗಳು ವೇಗ ತಪ್ಪುವುದಿಲ್ಲ, ಕ್ಷಮೆ ಕೇಳುವ ಪ್ರಸಂಗವೂ ಬರುವುದಿಲ್ಲ.

ಹಾಗೆಂದು ಲಗಾಮು ಕೈಯಲ್ಲಿದ್ದವರೆಲ್ಲ ಸಂತರಾಗಿರಲಿಲ್ಲ. ಹಾಡು ಹಾಕಲು ರೆಕಾರ್ಡ್ ಕಂಪನಿಗಳಿಂದ ಹಣ ಪಡೆಯುವ ‘ಪೇಯೋಲಾ’ ಹಗರಣ 1959ರಲ್ಲಿ ಅಮೆರಿಕದಲ್ಲಿ ಸಿಡಿಯಿತು. ಹಣ ಪಡೆದಿಲ್ಲವೆಂದು ಬರೆದುಕೊಡಲು ಒಪ್ಪದ ಅಲನ್ ಫ್ರೀಡ್ ಎಂಬ ಜಾಕಿ ಕೆಲಸ ಕಳೆದುಕೊಂಡರು. 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ಕಟ್ಟಿದರು. 1965ರಲ್ಲಿ, 43ನೆಯ ವಯಸ್ಸಿಗೆ ತೀರಿಕೊಂಡರು. ರಾಕ್ ಅಂಡ್ ರೋಲ್ ಎಂಬ ಮಾತನ್ನು ಮನೆಮನೆಗೆ ತಲುಪಿಸಿದವರ ಕೊನೆ ಅದು. ಕಾನೂನು ಬಂತು, ಬರಬೇಕಾದದ್ದೇ. ಆದರೆ ಅದರ ನೆಪದಲ್ಲಿ ಎಷ್ಟೋ ನಿಲಯಗಳು ಹಾಡಿನ ಆಯ್ಕೆಯನ್ನು ಜಾಕಿಯಿಂದ ಕಿತ್ತು ಕಾರ್ಯಕ್ರಮ ನಿರ್ದೇಶಕನ ಮೇಜಿನ ಮೇಲಿಟ್ಟವು. ಕಳ್ಳ ಸಿಕ್ಕನೆಂದು ಮನೆಯ ಬಾಗಿಲನ್ನೇ ಕಿತ್ತುಕೊಂಡು ಹೋದ ಹಾಗೆ. ಕಂಪನಿಗಳ ಹಣ ಜಾಕಿಯನ್ನು ಬಿಟ್ಟು ಆ ಮೇಜಿನ ದಾರಿ ಹಿಡಿಯಿತು.

ಚೀಟಿ ಬಂದಿದೆ, ಹತ್ತು ನಿಮಿಷವಂತೆ. ಓಡುತ್ತೇನೆ.

1970ರ ದಶಕದ ಕೊನೆಗೆ ಹಾಡಿನ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತಯಾರಿಸುವ ತಂತ್ರಾಂಶ ಬಂತು. ಅದರ ಹೆಸರೇ ‘ಸೆಲೆಕ್ಟರ್’, ಅಂದರೆ ಆರಿಸುವವನು. ನನ್ನ ಪ್ರಶ್ನೆಗೆ ಇಷ್ಟು ಪ್ರಾಮಾಣಿಕ ಉತ್ತರವನ್ನು ಬೇರೆ ಯಾರೂ ಕೊಟ್ಟಿಲ್ಲ. 1996ರ ದೂರಸಂಪರ್ಕ ಕಾಯ್ದೆ ಅಮೆರಿಕದಲ್ಲಿ ಒಬ್ಬರೇ ಎಷ್ಟು ನಿಲಯಗಳನ್ನಾದರೂ ಹೊಂದಲು ದಾರಿ ತೆರೆಯಿತು. ಹಾಡುಗಳ ನಡುವಿನ ಮಾತನ್ನು ಮಾತ್ರ ಮೊದಲೇ ಧ್ವನಿಮುದ್ರಿಸಿಡುವ ‘ವಾಯ್ಸ್ ಟ್ರ್ಯಾಕಿಂಗ್’ ಎಲ್ಲೆಡೆ ಹಬ್ಬಿತು. ನಾಲ್ಕು ಗಂಟೆಯ ಕಾರ್ಯಕ್ರಮಕ್ಕೆ ಅರ್ಧ ಗಂಟೆಯ ಬಾಯಿ ಸಾಕು. 2002ರ ಜನವರಿಯಲ್ಲಿ ಉತ್ತರ ಡಕೋಟಾದ ಮೈನಾಟ್ ಬಳಿ ರೈಲು ಹಳಿ ತಪ್ಪಿ ಅಮೋನಿಯಾ ಸೋರಿತು. ನಿಲಯಕ್ಕೆ ಫೋನ್ ಮಾಡಿದರೆ ಎತ್ತುವವರಿಲ್ಲ ಎಂದು ಊರು ದೂರಿತು. ನಮ್ಮವರು ಒಳಗಿದ್ದರು, ಎಚ್ಚರಿಕೆಯ ವ್ಯವಸ್ಥೆಯೇ ಕೆಟ್ಟಿತ್ತು ಎಂದು ನಿಲಯದ ಒಡೆತನದ ಕಂಪನಿ ಹೇಳಿತು. ವಾದ ಯಾರದಾದರೂ ಸರಿಯಿರಲಿ, ರೇಡಿಯೊ ಕೇಳಿ ‘ಅಲ್ಲಿ ಯಾರಾದರೂ ಇದ್ದಾರೆಯೇ’ ಎಂದು ಅನುಮಾನಪಡುವ ಕಾಲ ಬಂದಿತ್ತು.

ಜಮೈಕಾದ ಬಗ್ಗೆ ಬರೆದುಕೊಂಡಿದ್ದ ಮೂರು ಪುಟ ಮಡಚುತ್ತೇನೆ. ದೊಡ್ಡ ಸ್ಪೀಕರ್‌ಗಳನ್ನಿಟ್ಟು ಜನರನ್ನು ಕುಣಿಸುವ ಅಲ್ಲಿನ ‘ಸೌಂಡ್ ಸಿಸ್ಟಮ್’ ತಂಡಗಳಲ್ಲಿ ರೆಕಾರ್ಡ್ ಆರಿಸುವವನು ‘ಸೆಲೆಕ್ಟರ್’, ಅದರ ಮೇಲೆ ಮಾತು ಪೋಣಿಸುವವನು ‘ಡೀಜೇ’. ಎರಡು ಕೆಲಸ, ಇಬ್ಬರು ಮನುಷ್ಯರು. ನಾನು ಬೊಬ್ಬೆ ಹೊಡೆಯುತ್ತಿರುವ ವ್ಯತ್ಯಾಸ ಅವರಿಗೆ ಎಂದೋ ಗೊತ್ತಿತ್ತು.

2023ರಲ್ಲಿ ಸ್ಪಾಟಿಫೈ ಕೃತಕ ಬುದ್ಧಿಮತ್ತೆಯ ಡೀಜೇಯನ್ನು ತಂದಿತು. ಧ್ವನಿ ಚೆನ್ನಾಗಿದೆ, ತಮ್ಮದೇ ನೌಕರರೊಬ್ಬರ ದನಿಯಿಂದ ತಯಾರಿಸಿದ್ದು. ನೀವು ಹಿಂದೆ ಕೇಳಿದ್ದನ್ನು ಅದು ನೆನಪಿಸಿಕೊಡುತ್ತದೆ. ಅದರ ಹಾಡುಗಳನ್ನು ನಾನು ಇಷ್ಟಪಟ್ಟು ಕೇಳಿದ್ದೇನೆ, ಸುಳ್ಳೇಕೆ? ಆದರೆ ಹಾಡು ಚೆನ್ನಾಗಿಲ್ಲದಿದ್ದರೆ ಬೈಯಲು ಅಲ್ಲಿ ಯಾರೂ ಸಿಗುವುದಿಲ್ಲ.

ಎರಡನೆಯ ಚೀಟಿ. ಒಂದೇ ಒಂದು ನೆನಪು ಹೇಳಿ ಕುಳಿತುಕೊಳ್ಳುತ್ತೇನೆ.

ನಾನಿದ್ದ ನಿಲಯದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಕಂಪ್ಯೂಟರ್ ಸ್ತಬ್ಧವಾಯಿತು. ಪಟ್ಟಿಯೂ ಇಲ್ಲ, ಹಾಡೂ ಇಲ್ಲ. ನನ್ನ ಚೀಲದಲ್ಲಿದ್ದ ಸಿಡಿ ತೆಗೆದು ಹನ್ನೊಂದು ನಿಮಿಷದ ಒಂದು ಹಾಡು ಹಾಕಿದೆ. ಅಷ್ಟು ಉದ್ದದ ಹಾಡಿಗೆ ನಮ್ಮಲ್ಲಿ ಅನುಮತಿಯೇ ಇರಲಿಲ್ಲ. ಮುಗಿಯುವ ಹೊತ್ತಿಗೆ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. “ಇದನ್ನು ನೀವೇ ಹಾಕಿದಿರಾ?” ಎಂದರು. “ಹೌದಮ್ಮ” ಎಂದೆ. “ಹಾಗೇ ಅನ್ನಿಸಿತು” ಎಂದು ಇಟ್ಟುಬಿಟ್ಟರು.

ಬೆಳಿಗ್ಗೆ ವಿವರಣೆ ಕೇಳಿ ಮೇಲಿನವರಿಂದ ಪತ್ರ ಬಂತು. ಅದರ ಮೊದಲ ಸಾಲು: ಈ ಹಾಡು ಹಾಕಿದವರು ಯಾರು?