ಮೊಳ ಹಾಕುವುದಾದರೆ ಅಂಗಳದಲ್ಲೇ

ಕೇಳುಗರಿಗೆ ನಮಸ್ಕಾರ.

ಆಲೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ ಶೌಚಾಲಯವಿದೆ. ನನ್ನ ತಂಗಿಯ ಮೊಮ್ಮಗಳು ಅಲ್ಲೇ ಓದುವುದರಿಂದ ಒಮ್ಮೆ ಹೋಗಿದ್ದೆ. ತಿಳಿ ಹಳದಿ ಟೈಲ್ಸ್, ಮೇಲೊಂದು ಕಪ್ಪು ಟ್ಯಾಂಕು, ಬಾಗಿಲ ಪಕ್ಕ ಹೊಳೆಯುವ ಗ್ರಾನೈಟ್ ಕಲ್ಲು. ಕಲ್ಲಿನ ಮೇಲೆ ಹಣ ಕೊಟ್ಟ ಕಂಪನಿಯ ಹೆಸರು, ಕೆಲಸ ಮಾಡಿಸಿದ ಟ್ರಸ್ಟಿನ ಹೆಸರು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು. ಎಣಿಸಿದೆ, ಹನ್ನೊಂದು ಹೆಸರು. ಬಾಗಿಲಿಗೆ ಬೀಗ. ಬೀಗದ ಕೈ ಆಫೀಸಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ತೆಗೆಸಿ ಒಳಗೆ ಹೋಗಿ ನಲ್ಲಿ ತಿರುಗಿಸಿದರೆ ಒಂದು ಜೇಡ ಹೊರಬಂತು, ನೀರು ಬರಲಿಲ್ಲ. ಟ್ಯಾಂಕಿನಿಂದ ಇಳಿದ ಪೈಪು ನಲ್ಲಿಗೇನೋ ಬಂದಿದೆ. ಟ್ಯಾಂಕಿಗೆ ನೀರು ಏರಿಸುವ ಪೈಪು ಮಾತ್ರ ಗೋಡೆಯ ಬುಡದಲ್ಲಿ ಮೊಂಡಾಗಿ ನಿಂತಿದೆ. ಮಕ್ಕಳು ಹಿಂದಿನ ಹಾಗೆಯೇ ಬೇಲಿ ದಾಟಿ ಹೋಗುತ್ತಿದ್ದರು. ದೊಡ್ಡ ಹುಡುಗಿಯರು ತಿಂಗಳಲ್ಲಿ ಮೂರು ದಿನ ಶಾಲೆಗೇ ಬರುತ್ತಿರಲಿಲ್ಲ.

"ನೀರಿನ ಸಂಪರ್ಕ ಅವರ ಎಸ್ಟಿಮೇಟಿನಲ್ಲಿ ಇರಲಿಲ್ಲವಂತೆ ಮೇಡಂ" ಅಂದರು ಹೆಡ್‌ಮಾಸ್ತರರು. ಶಾಲೆಯ ಅಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷರನ್ನು ಕೇಳಿದೆ, ನೀವ್ಯಾಕೆ ಆಗಲೇ ಕೇಳಲಿಲ್ಲ ಅಂತ. "ಪುಕ್ಕಟೆ ಕಟ್ಟಿಸಿಕೊಟ್ಟೋರನ್ನ ಹೆಂಗಕ್ಕಾ ಕೇಳೋದು? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅಂತ ಆಡ್ಕೋತಾರೆ" ಅಂದರು.

ಆ ಗಾದೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ನೋಡಿದವಳು ನಾನು. ಮೊಳ ಹಾಕಿದ್ದರಲ್ಲಿ ತಪ್ಪೇನು? ದಟ್ಟಿ ಸೊಂಟಕ್ಕೆ ಸಾಕಾಗುತ್ತದೋ ಇಲ್ಲವೋ ಅಂತ ಉಡುವವಳು ನೋಡದೆ ಇನ್ಯಾರು ನೋಡಬೇಕು? ಅವಳು ಹಿತ್ತಲಿಗೆ ಹೋಗಿ ಕದ್ದು ಅಳೆಯಬೇಕಾಯಿತಲ್ಲ, ನನಗೆ ಸಂಕಟ ಅದರದ್ದು.

ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಅಲ್ಲಿನ ಶಾಸನ ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು ಅಂತ ನಾವೆಲ್ಲ ಹೆಮ್ಮೆಪಡುತ್ತೇವೆ. ಅದರಲ್ಲಿ ಏನು ಬರೆದಿದೆ ಅಂತ ಯೋಚಿಸುವುದು ಕಡಿಮೆ. ಅದು ದತ್ತಿಯ ಶಾಸನ. ಹೋರಾಡಿದ ವೀರನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟದ್ದನ್ನು ಅದು ಹೇಳುತ್ತದೆ, ಕೊಟ್ಟದ್ದನ್ನು ಅಳಿದವನಿಗೆ ಮಹಾಪಾತಕ ಅನ್ನುತ್ತದೆ. ಆಮೇಲೆ ಬಂದ ಹೊಯ್ಸಳರ ಕಾಲದ ದಾನಶಾಸನಗಳನ್ನು ನೋಡಿ, ಜಮೀನಿನ ಎಲ್ಲೆ ಎಲ್ಲಿಂದ ಎಲ್ಲಿಗೆ, ಯಾವ ಖರ್ಚಿಗೆ ಕೊಟ್ಟದ್ದು, ಎಲ್ಲವನ್ನೂ ಊರಿನ ಕಣ್ಣೆದುರಿಗೆ ಕೆತ್ತಿಸಿ ನಿಲ್ಲಿಸುತ್ತಿದ್ದರು. ಶಾಲೆಯ ಗ್ರಾನೈಟ್ ಕಲ್ಲಿನ ಮೇಲೆ ಎಷ್ಟು ಹಣ, ಏನೇನಕ್ಕೆ, ನೀರು ಯಾರ ಹೊಣೆ ಎಂಬ ಒಂದು ಸಾಲೂ ಇರಲಿಲ್ಲ.

ದೂರದ ಅಮೆರಿಕದ ಒಂದು ಸಂಗತಿ ಇಲ್ಲಿ ಹೇಳಬೇಕು. ಎಪ್ಪತ್ತರ ದಶಕದಲ್ಲಿ ಅಲ್ಲಿ ಖಾಸಗಿ ದಾನಧರ್ಮದ ಬಗ್ಗೆ ಫೈಲರ್ ಆಯೋಗ ಅಂತ ಒಂದು ಆಯೋಗವಾಯಿತು. ಅದರಲ್ಲಿ ನಡೆಯುತ್ತಿರುವುದೆಲ್ಲ ಕೊಡುವವರ ಮಾತೇ, ಪಡೆಯುವವರ ಮಾತು ಕೇಳುವವರಿಲ್ಲ ಎಂದು ಬಡವರ, ಕರಿಯರ, ಮಹಿಳೆಯರ ನಡುವೆ ಕೆಲಸ ಮಾಡುವ ಸಂಘಟನೆಗಳು ತಕರಾರು ತೆಗೆದವು. ಆ ಗುಂಪಿನಿಂದಲೇ 1976ರಲ್ಲಿ 'ನ್ಯಾಷನಲ್ ಕಮಿಟಿ ಫಾರ್ ರೆಸ್ಪಾನ್ಸಿವ್ ಫಿಲಾಂತ್ರಪಿ' ಎಂಬ ಸಂಸ್ಥೆ ಹುಟ್ಟಿತು. ದೊಡ್ಡ ದೊಡ್ಡ ಫೌಂಡೇಶನ್‌ಗಳು ಯಾರಿಗೆ ಕೊಡುತ್ತಿವೆ, ಯಾರನ್ನು ಬಿಡುತ್ತಿವೆ ಎಂದು ಕಾವಲು ಕಾಯುವುದೇ ಅದರ ಕೆಲಸ. 2009ರಲ್ಲಿ ಅದು ಕೆಲವು ಅಳತೆಗೋಲುಗಳನ್ನು ಮುಂದಿಟ್ಟಿತು. ಕೊಡುವ ಹಣದಲ್ಲಿ ಅರ್ಧವಾದರೂ ಅಂಚಿನ ಜನರಿಗೆ ಹೋಗಲಿ, ಕಾಲುಭಾಗವಾದರೂ ಅವರು ಸಂಘಟಿತರಾಗಿ ತಮ್ಮ ಹಕ್ಕು ಕೇಳುವ ಕೆಲಸಕ್ಕೆ ಹೋಗಲಿ, ಒಂದು ವರ್ಷಕ್ಕೆ ಕೊಟ್ಟು ಕೈಬಿಡಬೇಡಿ, ಸಂಬಳ, ಬಾಡಿಗೆ, ಓಡಾಟದ ಖರ್ಚಿಗೂ ಕೊಡಿ. ಕೊಡುವವರಲ್ಲಿ ಕೆಲವರಿಗೆ ಸಿಟ್ಟು ಬಂತು, ನಮ್ಮ ಹಣ, ನಮ್ಮ ಇಷ್ಟ ಎಂದರು. ಆದರೆ ಫೌಂಡೇಶನ್ ಹಣಕ್ಕೆ ಸರ್ಕಾರ ತೆರಿಗೆ ಬಿಟ್ಟುಕೊಟ್ಟಿರುತ್ತದೆ. ಹಾಗೆ ಬಿಟ್ಟದ್ದು ಎಲ್ಲರ ಹಣ.

ನಮ್ಮಲ್ಲೂ ಹಾಗೆಯೇ. ರಸೀದಿ ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳುವ ಪ್ರತಿಯೊಂದು ದಾನದಲ್ಲೂ ಊರಿನವರ ಒಂದು ಪಾಲಿದೆ. ಕಂಪನಿಗಳ ವಿಷಯದಲ್ಲಂತೂ ಇದು ದಾನವೇ ಅಲ್ಲ, ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಇದನ್ನೇ ಸಿಎಸ್‌ಆರ್ ಅನ್ನುತ್ತಾರೆ. ತಾನು ನಡೆಯುವ ಊರಿಗೆ ಆದ್ಯತೆ ಕೊಡಬೇಕೆಂದೂ ಅದರಲ್ಲಿದೆ. ಯಾವ ಕಂಪನಿ ಎಷ್ಟು ಖರ್ಚು ಮಾಡಿತು ಅನ್ನುವುದನ್ನು ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಸಂಘಸಂಸ್ಥೆಗಳು ಮಾಹಿತಿ ಹಕ್ಕಿನ ಅಡಿ ಬರುತ್ತವೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅದೇ 2019ರ ಆಗಸ್ಟ್ ಮಳೆ ನಿಮಗೆ ನೆನಪಿರಬೇಕು. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮಲೆಮನೆಯಂಥ ಊರುಗಳು ಮಣ್ಣಿನಡಿ ಹೋದವು. ನಾವು ನಾಲ್ಕೈದು ಜನ ಹಾಸನದಿಂದ ಅಕ್ಕಿ, ಬೇಳೆ ತುಂಬಿಕೊಂಡು ಆ ಕಡೆ ಹೋಗಿದ್ದೆವು. ಲಾರಿಗಟ್ಟಲೆ ಹಳೇ ಸೀರೆ, ಬ್ರೆಡ್ಡು, ಕಂಬಳಿ ಬಂದು ಬಿದ್ದಿತ್ತು. ಜನರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆಯಿಂದ ಒಳಗೆ, ಕಾಫಿ ತೋಟದ ಕೂಲಿಯವರು ಸಾಲಾಗಿ ಇರುವ ಲೈನ್ ಮನೆಗಳಿಗೆ ಅದು ತಲುಪಿರಲಿಲ್ಲ. ಕೊಡುವವರು ರೇಷನ್ ಕಾರ್ಡ್ ಕೇಳುತ್ತಿದ್ದರು. ಲೈನ್ ಮನೆಯವರ ಕಾರ್ಡು ಅವರವರ ಊರಲ್ಲಿ, ಕೆಲವರಿಗೆ ಇಲ್ಲವೇ ಇಲ್ಲ. ಮನೆ ತೋಟದ ಮಾಲೀಕರದ್ದು, ಆದ್ದರಿಂದ ಮನೆ ಬಿದ್ದವರ ಪಟ್ಟಿಯಲ್ಲೂ ಹೆಸರಿಲ್ಲ.

ಅಲ್ಲೊಬ್ಬಳು, ಮಗು ಸೊಂಟದ ಮೇಲೆ. ನಾನು ಕಂಬಳಿ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. "ಕಂಬಳಿ ಮೂರು ಐತೆ ಅಕ್ಕಾ. ಮೇಲ್ಗಡೆ ಹೆಂಚು ಹೋಗೈತೆ, ಮೂರೂ ನೆನೆದೈತೆ. ಟಾರ್ಪಾಲು ಇದ್ರೆ ಕೊಡಿ" ಅಂದಳು. ನಮ್ಮ ವ್ಯಾನಿನಲ್ಲಿ ಒಂದೇ ಒಂದು ಟಾರ್ಪಾಲು ಇತ್ತು, ಅಕ್ಕಿ ಮೂಟೆಗೆ ಹೊದಿಸಿದ್ದು. ಅದನ್ನೇ ಬಿಚ್ಚಿ ಕೊಟ್ಟೆವು. ಹೊರಡುವ ಮೊದಲು ಒಂದು ಫೋನ್ ಮಾಡಿ, ಏನು ಬೇಕು ಅಂತ ಕೇಳಬಹುದಿತ್ತು. ಕೇಳಿರಲಿಲ್ಲ. ಆ ತಪ್ಪು ನಮ್ಮದು.

ಪ್ರಾಮಾಣಿಕವಾಗಿ ದುಡಿಯುವ ಸಣ್ಣ ಸಂಸ್ಥೆಗಳ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಟ್ಟಡಕ್ಕೆ, ಬೋರ್ಡಿಗೆ, ಫೋಟೋಗೆ ಹಣ ಸಿಗುತ್ತದೆ. ಲೈನ್ ಮನೆಗಳಿಗೆ ಅಲೆದು ಕಾರ್ಡು ಮಾಡಿಸಿಕೊಡುವ, ಕೂಲಿ ಕಡಿಮೆ ಕೊಟ್ಟರೆ ಕಾರ್ಮಿಕ ಇಲಾಖೆಗೆ ಜೊತೆಯಲ್ಲಿ ಹೋಗುವ ಹುಡುಗಿಯ ಸಂಬಳಕ್ಕೆ ಸಿಗುವುದಿಲ್ಲ. ಆ ಕೆಲಸದ ಮೇಲೆ ಕಲ್ಲು ನೆಡಿಸಲು ಬರುವುದಿಲ್ಲವಲ್ಲ.

ಶಾಲೆಯ ವಿಷಯ ಅರ್ಧಕ್ಕೆ ನಿಲ್ಲಿಸಿದೆ. ಆಮೇಲೆ ತಾಯಂದಿರು ಸೇರಿ ಎಸ್‌ಡಿಎಂಸಿ ಸಭೆಯಲ್ಲಿ ಮಾತೆತ್ತಿದರು. ಕಂಪನಿಯ ವಾರ್ಷಿಕ ವರದಿ ಇಳಿಸಿಕೊಂಡು ನೋಡಿದೆವು. ಅದರಲ್ಲಿ ಆ ಕೆಲಸ ಮುಗಿದಿದೆ ಅಂತಲೇ ಇತ್ತು. ಒಂದು ಪುಟದ ಕಾಗದ ಬರೆದೆವು, ಬೈಗುಳವಿಲ್ಲದೆ, ಮೊಂಡು ಪೈಪಿನ ಫೋಟೋ ಅಂಟಿಸಿ, ಮೂವತ್ತೆಂಟು ತಾಯಂದಿರ ಸಹಿ ಹಾಕಿಸಿ. ಕೆಲವರದ್ದು ಹೆಬ್ಬೆಟ್ಟು. ಒಂದೂವರೆ ತಿಂಗಳ ನಂತರ ಟ್ರಸ್ಟಿನಿಂದ ಇಬ್ಬರು ಬಂದರು. ಅಂಗಳದಲ್ಲೇ ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ಎಲ್ಲರೆದುರು ಲೆಕ್ಕ ಕೇಳಿದರು ನಮ್ಮ ಹೆಂಗಸರು. ಬಂದವರೂ ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಪಂಚಾಯಿತಿಯ ನೀರಿನ ಲೈನಿನಿಂದ ಟ್ಯಾಂಕಿಗೆ ಪೈಪು ಬಂತು.

ಈಗ ಬೀಗದ ಕೈ ಮೊಳೆಯಲ್ಲಿಲ್ಲ. ತೊಳೆಯುವವರಿಗೆ ತಿಂಗಳ ಹಣ ಯಾರು ಕೊಡಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಊರವರೇ ಕೂಡಿಸಿ ಕೊಡುತ್ತಿದ್ದಾರೆ. ಎರಡನೇ ಕಾಗದ ಬರೆದಾಗಿದೆ, ಉತ್ತರ ಬರಬೇಕು.

ನಮಸ್ಕಾರ.