ಕಿಟೆಲ್ ಊರಲ್ಲಿ ಮೊಣಕಾಲು ನೋವಿನವರ ನಡಿಗೆ

ಎಲ್ಲರಿಗೂ ನಮಸ್ಕಾರ.

"ಜರ್ಮನಿಗೆ ಹೋಗಿ ಬಂದೀರಿ, ಏನರ ಹೇಳ್ರಿ ಸರ" ಎಂದು ನಮ್ಮ ಬೆಳಗಿನ ನಡಿಗೆಯ ಬಳಗದವರು ಕೇಳಿದಾಗ ನಾನು ಒಂದು ಷರತ್ತು ಹಾಕಿದೆ. ಬರ್ಲಿನ್ ಗೋಡೆ, ಆಲ್ಪ್ಸ್ ಪರ್ವತ ಇವನ್ನೆಲ್ಲ ಕೇಳಬಾರದು. ನಾನು ಅವನ್ನು ನೋಡಲೇ ಇಲ್ಲ. ಮೂರು ತಿಂಗಳು ಮಗಳ ಮನೆಯಲ್ಲಿದ್ದೆ, ಅವಳ ಊರಿನ ಸುತ್ತಮುತ್ತಲೇ ನಡೆದೆ. ನನ್ನ ಮೊಣಕಾಲಿನ ಕಥೆ ನಿಮಗೆಲ್ಲ ಗೊತ್ತಿದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಸುಲಭದ ನಡಿಗೆ ಅಂದರೆ ಇಷ್ಟೇ: ಏರು ಕಡಿಮೆ ಇರಬೇಕು, ಅಲ್ಲಲ್ಲಿ ಕೂರಲು ಬೆಂಚು ಇರಬೇಕು, ಸಾಕು ಅನ್ನಿಸಿದ ಕಡೆ ಬಸ್ಸು ಸಿಗಬೇಕು.

ಊರಿನ ಹೆಸರು ಟ್ಯೂಬಿಂಗೆನ್. ಸ್ಟಟ್‌ಗಾರ್ಟಿನ ದಕ್ಷಿಣಕ್ಕೆ, ನೆಕರ್ ಎಂಬ ಹೊಳೆಯ ದಂಡೆಯಲ್ಲಿದೆ. ಜನಸಂಖ್ಯೆ ಸುಮಾರು 90,000. ನಮ್ಮ ಧಾರವಾಡಕ್ಕಿಂತ ಎಷ್ಟೋ ಚಿಕ್ಕದು, ಆದರೆ ಅದೂ ವಿದ್ಯಾರ್ಥಿಗಳ ಊರೇ. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ.

ಈ ಊರು ನಮಗೆ ಅಪರಿಚಿತವೇನಲ್ಲ. ನಮ್ಮ ಕಿಟೆಲ್ ಕಾಲೇಜಿಗೆ ಯಾರ ಹೆಸರಿದೆಯೋ ಆ ಫರ್ಡಿನಾಂಡ್ ಕಿಟೆಲ್ ತೀರಿಕೊಂಡದ್ದು ಅಲ್ಲಿಯೇ, 1903ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಎರಡು ವರ್ಷದ ನಂತರ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಅದಕ್ಕೂ ಮೊದಲು, 1858ರಲ್ಲಿ, ಇದೇ ಗೌರವ ಹರ್ಮನ್ ಮೊಗ್ಲಿಂಗ್ ಅವರಿಗೆ ಸಿಕ್ಕಿತ್ತು. 'ಮಂಗಳೂರ ಸಮಾಚಾರ' ತೆಗೆದ ಮೊಗ್ಲಿಂಗ್ ಅವರೇ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕ ದೇವತಾಶಾಸ್ತ್ರ ಓದಿದ್ದು ಈ ಊರಲ್ಲಿ. ನಾನು ನಲವತ್ತು ವರ್ಷ ಕನ್ನಡ ಕಲಿಸಿದವನು. ಮಗಳ ಕೆಲಸದ ದೆಸೆಯಿಂದ ಈ ಊರಿಗೆ ಹೋಗಿ ಇಳಿದದ್ದು ನನಗೆ ಬಯಸದೇ ಬಂದ ಭಾಗ್ಯ.

ಮೊದಲು ಊರೊಳಗಿನ ನಡಿಗೆ ಹೇಳುತ್ತೇನೆ. ರೈಲ್ವೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನೆಕರ್ ಸೇತುವೆ. ಸೇತುವೆಯ ನಡುವಿನಿಂದ ಮೆಟ್ಟಿಲು ಇಳಿದರೆ ಹೊಳೆಯ ಮಧ್ಯದ ನಡುಗಡ್ಡೆ. ಅದರ ಉದ್ದಕ್ಕೂ ಎರಡು ಸಾಲು ಪ್ಲೇನ್ ಮರಗಳು. ಇಬ್ಬರು ಕೈ ಕೈ ಹಿಡಿದು ನಿಂತರೂ ಕೆಲವು ಮರಗಳು ತಬ್ಬಿಗೆ ಸಿಗುವುದಿಲ್ಲ. ಸಮತಟ್ಟು ದಾರಿ, ಮೊಣಕಾಲಿಗೆ ಸ್ವರ್ಗ. ಹೊಳೆಯಲ್ಲಿ ಉದ್ದನೆಯ ಮರದ ದೋಣಿಗಳು ಓಡಾಡುತ್ತವೆ. ಹುಟ್ಟು ಹಾಕುವುದಿಲ್ಲ, ಹಿಂದೆ ನಿಂತವನು ಉದ್ದದ ಗಳದಿಂದ ನೆಲ ಒತ್ತಿ ನೂಕುತ್ತಾನೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ದೋಣಿ ಪಂದ್ಯ ನಡೆಯುತ್ತದೆ. ಸೋತವರು ಮೀನೆಣ್ಣೆ ಕುಡಿಯಬೇಕು. ನಮ್ಮ ಕಾಲೇಜುಗಳಲ್ಲೂ ಇದನ್ನು ಜಾರಿಗೆ ತರಬಹುದು ನೋಡಿ.

ನಡುಗಡ್ಡೆಯ ಬೆಂಚಿನ ಮೇಲೆ ಕೂತರೆ ಎದುರು ದಂಡೆಯಲ್ಲಿ ಹಳದಿ ಬಣ್ಣದ ದುಂಡು ಗೋಪುರ ಕಾಣುತ್ತದೆ. ನಾನು ಜಾಸ್ತಿ ಹೊತ್ತು ಕೂತದ್ದು ಅಲ್ಲಿಯೇ. ಹ್ಯೋಲ್ಡರ್ಲಿನ್ ಅಂತ ದೊಡ್ಡ ಕವಿ. ಅವನಿಗೆ ಬುದ್ಧಿಭ್ರಮೆ ಆಯಿತು. ಆಸ್ಪತ್ರೆಯವರು ಇದು ವಾಸಿಯಾಗುವುದಿಲ್ಲ, ಇನ್ನು ಹೆಚ್ಚೆಂದರೆ ಮೂರು ವರ್ಷ ಎಂದು ಕೈಬಿಟ್ಟರು. ಆಗ ತ್ಸಿಮ್ಮರ್ ಎಂಬ ಒಬ್ಬ ಬಡಗಿ ಅವನನ್ನು ಮನೆಗೆ ಕರೆತಂದ. ಅವನ ಬರಹ ಓದಿ ಮೆಚ್ಚಿದ್ದನಂತೆ, ಅಷ್ಟೇ ನಂಟು. ಅದು 1807. ಕವಿ ಆ ಗೋಪುರದ ಕೋಣೆಯಲ್ಲಿ ಮೂರು ವರ್ಷ ಅಲ್ಲ, ಮೂವತ್ತಾರು ವರ್ಷ ಬದುಕಿದ. ನಡುವೆ ಬಡಗಿಯೇ ತೀರಿಹೋದ. ಆಮೇಲೆ ಬಡಗಿಯ ಮಗಳು ನೋಡಿಕೊಂಡಳು. ಆ ಊರಿಗೆ ಹೋದವರೆಲ್ಲ ಕವಿಯ ಗೋಪುರ ಎಂದು ಫೋಟೊ ತೆಗೆಯುತ್ತಾರೆ. ನನಗೆ ಕಂಡದ್ದು ಬಡಗಿಯ ಮನೆ.

ಗೋಪುರದ ಹತ್ತಿರವೇ ದೇವತಾಶಾಸ್ತ್ರದ ಹಳೆಯ ವಿದ್ಯಾರ್ಥಿನಿಲಯ. ಖಗೋಳ ವಿಜ್ಞಾನಿ ಕೆಪ್ಲರ್ ಅಲ್ಲಿ ಓದಿದವನು. ತತ್ವಜ್ಞಾನಿಗಳಾದ ಹೆಗೆಲ್, ಶೆಲಿಂಗ್ ಮತ್ತು ಕವಿ ಹ್ಯೋಲ್ಡರ್ಲಿನ್ ಮೂವರೂ ಅಲ್ಲಿ ಕೋಣೆಯ ಜೊತೆಗಾರರು. ಅಲ್ಲಿಂದ ದೊಡ್ಡ ಚರ್ಚಿನ ಕಡೆ ಬಂದರೆ ಒಂದು ಹಳೆಯ ಪುಸ್ತಕದಂಗಡಿ. 1895ರಿಂದ 1899ರವರೆಗೆ ಕಾದಂಬರಿಕಾರ ಹರ್ಮನ್ ಹೆಸ್ಸೆ ಅಲ್ಲಿ ಕೆಲಸಕ್ಕಿದ್ದ. ಆಗಿನ್ನೂ ನೊಬೆಲ್ ಇಲ್ಲ, ಏನಿಲ್ಲ, ಪುಸ್ತಕದ ಧೂಳು ಹೊಡೆಯುವ ಹುಡುಗ. ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಗುಂಡರ್ಟ್, ಮಲಯಾಳಂ ನಿಘಂಟು ಮಾಡಿದವರು. ಈ ಚಿಕ್ಕ ಊರಿನ ನಂಟಿನವರು ನಮ್ಮ ಪಡುಗಡಲ ದಂಡೆಯ ಎರಡು ಭಾಷೆಗಳಿಗೆ ನಿಘಂಟು ಕೊಟ್ಟರು ಅಂದರೆ ಸುಮ್ನೆ ಅಲ್ಲ.

ಇನ್ನೊಂದು ತಮಾಷೆ. 1797ರಲ್ಲಿ ಮಹಾಕವಿ ಗಯಟೆ ಆ ಊರಿಗೆ ಬಂದು ತಂಗಿದ್ದ. ತಂಗಿದ ಮನೆಗೆ "ಗಯಟೆ ಇಲ್ಲಿದ್ದರು" ಎಂಬ ಫಲಕವಿದೆ. ಪಕ್ಕದ ಮನೆಯಲ್ಲಿ "ಗಯಟೆ ಇಲ್ಲಿ ವಾಂತಿ ಮಾಡಿದರು" ಎಂಬ ಫಲಕ! ವಿದ್ಯಾರ್ಥಿಗಳ ಊರು ಅಂದೆನಲ್ಲ.

ಪೇಟೆ ಚೌಕದಲ್ಲಿ 1435ರ ಪುರಭವನವಿದೆ. ಅದರ ಮುಖದ ಮೇಲೆ 1511ರ ಖಗೋಳ ಗಡಿಯಾರ. ಸೋಮವಾರ, ಬುಧವಾರ, ಶುಕ್ರವಾರ ಎದುರಿಗೆ ರೈತರ ಸಂತೆ. ಹೋಗುವುದಾದರೆ ಆ ದಿನಗಳಲ್ಲೇ ಹೋಗಿ, ಬರೀ ಕಟ್ಟಡ ನೋಡಿ ಏನು ಮಾಡುತ್ತೀರಿ. ಅಲ್ಲಿಂದ ಕೋಟೆಗೆ ಕಲ್ಲು ಹಾಸಿದ ಕಡಿದಾದ ದಾರಿ. ಗಿಡ್ಡ ಏರು, ಆದರೆ ಏರು ಏರೇ. ನಾಲ್ಕು ಕಡೆ ನಿಂತು ಹತ್ತಿದೆ.

ಹತ್ತಿದ್ದು ವ್ಯರ್ಥವಾಗಲಿಲ್ಲ. ಕೋಟೆಯ ಅಡುಗೆಮನೆಯನ್ನು ಹಿಂದೆ ಪ್ರಯೋಗಶಾಲೆ ಮಾಡಿಕೊಂಡಿದ್ದರು. 1869ರಲ್ಲಿ ಮೀಷರ್ ಎಂಬ ಯುವಕ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜು ತರಿಸಿಕೊಂಡು, ತೊಳೆದು, ಅದರಿಂದ ಒಂದು ಹೊಸ ವಸ್ತು ಬೇರ್ಪಡಿಸಿದ. ಇವತ್ತು ಡಿಎನ್‌ಎ ಅನ್ನುತ್ತೇವಲ್ಲ, ಅದರ ಮೊದಲ ಗುರುತು ಸಿಕ್ಕಿದ್ದು ಆ ಅಡುಗೆಮನೆಯಲ್ಲಿ. ಮೇಲಿನ ವಸ್ತುಸಂಗ್ರಹಾಲಯದಲ್ಲಿ ದೈತ್ಯ ಆನೆಯ ದಂತದಲ್ಲಿ ಕೆತ್ತಿದ ಕುದುರೆ ಇದೆ. ಬೆರಳುದ್ದ ಕೂಡ ಇಲ್ಲ. ವಯಸ್ಸು ಸುಮಾರು 40,000 ವರ್ಷ. ಕುತ್ತಿಗೆಯ ಬಾಗು ನೋಡಿದರೆ ನಿನ್ನೆ ಕೆತ್ತಿದಂತಿದೆ.

ಕೋಟೆಯ ಹಿಂಬದಿಯಿಂದ ಹೊರಬಿದ್ದರೆ ಕಾಡಿನ ದಿಬ್ಬ ಶುರು. ಆ ದಾರಿ ಉದ್ದ, ನಾನು ಸ್ವಲ್ಪ ದೂರ ಹೋಗಿ ತಿರುಗಿದೆ. ನನಗೆ ಒಗ್ಗಿದ ಕಾಡಿನ ನಡಿಗೆ ಬೇರೆಯೇ.

ಊರಿನ ಉತ್ತರಕ್ಕೆ ಶೋನ್‌ಬುಖ್ ಎಂಬ ಕಾಡು. 156 ಚದರ ಕಿಲೋಮೀಟರ್. 1972ರಲ್ಲಿ ಆ ರಾಜ್ಯದ ಮೊದಲ ನಿಸರ್ಗ ಉದ್ಯಾನ ಆಯಿತು. ಹಳೆಯ ಪೇಟೆಯಿಂದ ಕಾಡಿನೊಳಗಿನ ಬೇಬೆನ್‌ಹೌಸೆನ್ ಮಠಕ್ಕೆ ಐದಾರು ಕಿಲೋಮೀಟರ್. ಮಗಳು ಒಂದು ಉಪಾಯ ಹೇಳಿಕೊಟ್ಟಳು: "ಅಪ್ಪಾ, ಏರನ್ನು ಬಸ್ಸಿಗೆ ಬಿಡಿ, ಇಳಿಜಾರನ್ನು ನೀವು ಇಟ್ಟುಕೊಳ್ಳಿ." ಸಿಟಿ ಬಸ್ಸು ಗುಡ್ಡದ ಮೇಲಿನ ಬಡಾವಣೆಗೆ ಹೋಗುತ್ತದೆ. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳು, ಅವುಗಳ ಬೆನ್ನಿಗೇ ಕಾಡು. ಬಟ್ಟೆ ಒಣಗಿಸುವ ಬಾಲ್ಕನಿಯಿಂದ ಬೀಚ್ ಮರ, ಓಕ್ ಮರ ಕಾಣುತ್ತವೆ. ಅಲ್ಲಿಂದ ಇಳಿಯುತ್ತಾ ಹೋದರೆ ಮಠ.

ನಾನು ಮೊದಲ ದಿನ ಕಾಡಿನ ಅಂಚಿನಲ್ಲಿ ನಿಂತು ಟಿಕೆಟ್ ಕೌಂಟರ್ ಹುಡುಕಿದೆ. ಕಮಾನು ಇಲ್ಲ, ಕಾವಲುಗಾರ ಇಲ್ಲ. 1975ರ ಅರಣ್ಯ ಕಾನೂನಿನ ಪ್ರಕಾರ ವಿಹಾರಕ್ಕೆ ಯಾರು ಬೇಕಾದರೂ ಕಾಡಿನೊಳಗೆ ಹೋಗಬಹುದು. ಖಾಸಗಿ ಕಾಡಾದರೂ ಸರಿ. ಕವಲು ಬಂದಲ್ಲೆಲ್ಲ ದಾರಿ ತೋರುವ ಫಲಕ, ಮರದ ಮೇಲೆ ಬಣ್ಣದ ಗುರುತು. 1888ರಲ್ಲಿ ಹುಟ್ಟಿದ ಒಂದು ನಡಿಗೆ ಸಂಘದವರು ಸ್ವಂತ ಆಸಕ್ತಿಯಿಂದ ಈ ಗುರುತುಗಳನ್ನು ನೋಡಿಕೊಳ್ಳುತ್ತಾರೆ. ಕಾಡಲ್ಲಿ ದಾರಿ ತಪ್ಪದೆ ನಡೆದದ್ದು ನನ್ನ ಜಾಣತನ ಅಂದುಕೊಂಡಿದ್ದೆ. ಅಲ್ಲ, ಯಾರೋ ಬಣ್ಣದ ಡಬ್ಬಿ ಹಿಡಿದು ನನಗಿಂತ ಮೊದಲು ಅಲ್ಲಿ ನಡೆದಿದ್ದರು.

ಆದರೆ ಆ ಕಾಡು ಯಾವಾಗಲೂ ಹಾಗಿರಲಿಲ್ಲ. ಅದು ರಾಜರ ಬೇಟೆಕಾಡು. 1812ರ ನವೆಂಬರಿನಲ್ಲಿ ಆ ಸೀಮೆಯ, ಅಂದರೆ ವುರ್ಟೆಂಬರ್ಗಿನ, ರಾಜ ಫ್ರೆಡ್ರಿಕ್ ಬೇಬೆನ್‌ಹೌಸೆನ್ ಬಳಿ ಭಾರಿ ಬೇಟೆಯ ಉತ್ಸವ ಮಾಡಿದ. ಸುತ್ತಲಿನ ರೈತರನ್ನು ಹಿಡಿದು ಜಿಂಕೆ, ಹಂದಿಗಳನ್ನು ಒಂದೆಡೆಗೆ ಅಟ್ಟಿಸಿದರು. ದೊರೆ, ಅತಿಥಿಗಳು ನಿಂತಲ್ಲಿಂದಲೇ ಗುಂಡು ಹೊಡೆದರು. ಒಂದೇ ದಿನ ಎಂಟುನೂರಕ್ಕೂ ಹೆಚ್ಚು ಪ್ರಾಣಿ. ಅದೇ ನವೆಂಬರಿನಲ್ಲಿ ಇದೇ ರಾಜ ನೆಪೋಲಿಯನ್ನನ ಜೊತೆ ರಷ್ಯಾಕ್ಕೆ ಕಳಿಸಿದ್ದ ಸೈನಿಕರು ಹಿಮದಲ್ಲಿ ಸಾಯುತ್ತಿದ್ದರು. ಹೋದವರು ಹದಿನೈದು ಸಾವಿರಕ್ಕೂ ಹೆಚ್ಚು, ತಿರುಗಿ ಬಂದವರು ಕೆಲವು ನೂರು. ಅಟ್ಟಿದ ರೈತರಲ್ಲಿ ಎಷ್ಟು ಜನರ ಮಕ್ಕಳು ಆ ಹಿಮದಲ್ಲಿದ್ದರೋ. ಇಂಥ ಕಾಡಲ್ಲಿ ನಾನು ಪೈಸೆ ಕೊಡದೆ, ಹೆದರದೆ, ಬೆಂಚಿನ ಮೇಲೆ ಕೂತು ಚಕ್ಕುಲಿ ತಿಂದೆ.

ಹೆದರದೆ ಅಂದೆ. ಒಂದು ಹೆದರಿಕೆ ಇತ್ತು, ಉಣ್ಣಿ. ಮಲೆನಾಡಿನವರು ಉಣುಗು ಅಂತಾರಲ್ಲ, ಅದೇ. ಹುಲ್ಲಿಗೆ ಕಾಲು ತಾಗಿದರೆ ಹತ್ತಿಕೊಳ್ಳುತ್ತದೆ. ಅಲ್ಲಿ ಅದು ಮೆದುಳು ಜ್ವರದ ವೈರಸ್ ಹರಡುತ್ತದೆ. ಆ ವೈರಸ್ಸೂ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಹತ್ತಿರದ ದಾಯಾದಿಗಳು. ಅಲ್ಲಿನದಕ್ಕೆ ಲಸಿಕೆ ಇದೆ. ಕಾಡಿಂದ ಬಂದ ಕೂಡಲೇ ಮಗಳು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಾಲು, ಮಂಡಿಯ ಹಿಂದೆ ಎಲ್ಲ ತಪಾಸಣೆ ಮಾಡುತ್ತಿದ್ದಳು. ಒಂದು ಸಿಕ್ಕಿತು, ಚಿಮಟದಲ್ಲಿ ಕಿತ್ತಳು. ಉದ್ದ ಪ್ಯಾಂಟು ಹಾಕಿ, ಕಾಲುಚೀಲದೊಳಗೆ ಸಿಕ್ಕಿಸಿ. ಚೆಂದ ಕಾಣೋದಿಲ್ಲ, ಇರಲಿ.

ಇಳಿದು ಬಂದರೆ ಬೇಬೆನ್‌ಹೌಸೆನ್. ಹನ್ನೆರಡನೇ ಶತಮಾನದ ಕೊನೆಯಲ್ಲಿ ಶುರುವಾದ ಮಠ. ಅಲ್ಲಿದ್ದ ಸನ್ಯಾಸಿಗಳ ಪಂಥಕ್ಕೆ ದೊಡ್ಡ ಗೋಪುರ ಕಟ್ಟುವುದು ನಿಷಿದ್ಧ. ಅವರು ಚಾವಣಿಯ ಮೇಲೆ ಪುಟ್ಟದೊಂದು ಕಲ್ಲಿನ ಶಿಖರ ಕೂರಿಸಿದರು. ಜಾಲರಿಯಂತೆ ಕೊರೆದ ಕಲ್ಲು, ಆಚೆಯ ಆಕಾಶ ಕಾಣುತ್ತದೆ. ನಿಯಮಕ್ಕೆ ಭಂಗವಿಲ್ಲ, ಚೆಲುವಿಗೂ ಕೊರತೆಯಿಲ್ಲ. ಮುಂದೆ ಮಠ ಅರಸರ ಬೇಟೆಯ ಮನೆಯಾಯಿತು. 1918ರಲ್ಲಿ ಪಟ್ಟ ಕಳೆದುಕೊಂಡ ಕೊನೆಯ ರಾಜ ಅಲ್ಲಿಯೇ ಬಂದು ನೆಲೆಸಿ 1921ರಲ್ಲಿ ತೀರಿಕೊಂಡ. ಯುದ್ಧ ಮುಗಿದ ಮೇಲೆ, 1947ರಿಂದ 1952ರವರೆಗೆ, ಆಗಿನ ಪುಟ್ಟ ರಾಜ್ಯವೊಂದರ ಶಾಸನಸಭೆ ಅದೇ ಮಠದಲ್ಲಿ ಕೂಡುತ್ತಿತ್ತು. ಮೌನವ್ರತದವರ ಊಟದ ಮನೆಯಲ್ಲಿ ಶಾಸಕರ ಭಾಷಣ, ಯೋಚಿಸಿ!

ಮಠದ ಕೆಳಗೆ, ರಸ್ತೆಯ ಪಕ್ಕದಲ್ಲೇ ಬಸ್ ಸ್ಟಾಪು. ಕೊನೆಯ ಸಲ ಹೋದಾಗ ಮೊಮ್ಮಗಳು ಜೊತೆಗಿದ್ದಳು, ಏಳು ವರ್ಷ. ಸ್ಟಾಪಿನಲ್ಲಿ ಕೂತು ಕೇಳಿದಳು, "ಅಜ್ಜಾ, ವಾಲ್ಡ್ ಅಂದ್ರೆ ಕನ್ನಡದಲ್ಲಿ ಏನು?" ಸಿಕ್ಕಿತಲ್ಲ ಅವಕಾಶ! ಕಿಟೆಲ್ಲರ ಊರು ಬೇರೆ. ಕಾಡು, ಅಡವಿ, ಕಾನು, ಹಾಡಿ, ತೋಪು ಎಂದು ಒಂದೊಂದನ್ನೂ ಬಿಡಿಸಿ ಹೇಳಿದೆ. ಕಾನು ಅಂದರೆ ದಟ್ಟ, ತೋಪು ಅಂದರೆ ನಾವು ನೆಟ್ಟು ಬೆಳೆಸಿದ್ದು, ಹೀಗೆ.

ಅವಳು ಹಿಂತಿರುಗಿ ಮರಗಳ ಕಡೆ ನೋಡಿದಳು. "ಹಾಗಾದ್ರೆ ಇದು ತೋಪು. ಕಾಡಲ್ಲಿ ಬೆಂಚ್ ಇರಲ್ಲ ಅಲ್ವಾ?"

ಉತ್ತರ ಹುಡುಕುವಷ್ಟರಲ್ಲಿ ಬಸ್ಸು ಬಂತು. ಇಲ್ಲಿ ಚಹಾ ಬಂದಂತಿದೆ. ಫೋಟೊ ನೋಡುವವರು ಮುಂದೆ ಬನ್ನಿ, ಬಡಗಿಯ ಮನೆಯದ್ದೇ ಹನ್ನೊಂದು ಇವೆ.