ಅಕ್ಷರದ ಕಲ್ಲು: ಓದೂಕಿಂತ ಮೊದಲಿನ ಕೆಲಸ

ಕಲಬುರಗಿ ಕಡೆ ಹಳ್ಳಿಗೆ ಹೋದ್ರ ಹನುಮಪ್ಪನ ಗುಡಿ ಮುಂದೋ, ಅಗಸಿ ಬಾಜೂಕೋ ಒಂದು ಅಕ್ಷರದ ಕಲ್ಲು, ಅಂದ್ರ ಶಾಸನ, ನಿಂತಿರ್ತದ. ಊರಿನ ಇತಿಹಾಸ ಬರಿಯೋರ ಕೆಲಸ ಅಲ್ಲಿಂದಾನೇ ಸುರು. ಓದೋದು ಆಮ್ಯಾಲ. ಮೊದಲು ಕಲ್ಲು ಎಲ್ಲದ, ಮುಖ ಯಾವ ದಿಕ್ಕಿಗದ, ಎತ್ತರ ಅಗಲ ಎಷ್ಟು, ಸಾಲು ಎಷ್ಟು, ತಲಿ ಮ್ಯಾಲ ಲಿಂಗ, ಆಕಳ-ಕರು, ಸೂರ್ಯ-ಚಂದ್ರ ಏನೇನವ, ಎಲ್ಲಾ ಬರ್ಕೋಬೇಕು. ಜೀರ್ಣೋದ್ಧಾರ ಹತ್ತಿತಂದ್ರ ಕಲ್ಲು ಟೈಲ್ಸ್ ಕೆಳಗ ಹೋಗ್ತದ, ಇಲ್ಲಂದ್ರ ಮೈತುಂಬ ಆಯಿಲ್ ಪೇಂಟ್.

ಕಲಬುರಗಿ ಜಿಲ್ಲಾದ ಸನ್ನತಿ ನೋಡ್ರಿ. 1986ರಾಗ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿ ಚಾವಣಿ ಕುಸೀತು. ಮೂರ್ತಿಗೆ ಪೀಠ ಆಗಿದ್ದ ಕಲ್ಲು ನೋಡಿದ್ರ ಅದು ಅಶೋಕನ ಶಾಸನ! ಮೂರ್ತಿ ಕೂಡಿಸಲಿಕ್ಕೆ ನಡುವ ತೂತು ಕೊರದಿದ್ರು, ಅಷ್ಟು ಅಕ್ಷರ ಹೋದ್ವು.

ಈಗ ಅಚ್ಚು ತೆಗಿಯೋದು, ಅಂದ್ರ ಕಲ್ಲಿನ ಅಕ್ಷರ ಕಾಗದದ ಮ್ಯಾಲ ಇಳಿಸ್ಕೊಳ್ಳೋದು. ರಕ್ಷಿತ ಸ್ಮಾರಕ ಇದ್ರ ಪುರಾತತ್ವ ಇಲಾಖೆ ಪರವಾನಗಿ ಬೇಕು, ಉಳಿದ ಕಡೆ ಊರ ಹಿರೇರನ್ನ ಕೇಳ್ರಿ. ನೀರು, ತೆಂಗಿನ ನಾರಿನ ಬ್ರಷ್, ಇಷ್ಟರಿಂದಾನೇ ತೊಳಿಬೇಕು. ತಂತಿ ಬ್ರಷ್ ಬ್ಯಾಡ. ಆಸಿಡ್ ಅಂತೂ ಮುಟ್ಟಲೇಬ್ಯಾಡ್ರಿ. ಶಹಾಬಾದ ಕಲ್ಲು ಸುಣ್ಣದ ಕಲ್ಲು, ನೊರಿ ಎದ್ದು ಅಕ್ಷರದ ಅಂಚೇ ಕರಗ್ತದ.

ಕಾಗದ ನೀರಾಗ ಅದ್ದಿ, ಮ್ಯಾಲಿಂದ ಕೆಳಗ ಕಲ್ಲಿಗೆ ಹಚ್ರಿ. ನಡುವಿಂದ ಅಂಚಿಗೆ ಬ್ರಷ್‌ಲೆ ಬಡೀತಾ ಹೋದ್ರ ಒಳಗಿನ ಗಾಳಿ ಹೊರಗ ಹೋಗಿ ಕಾಗದ ಅಕ್ಷರದ ಕುಳಿಯೊಳಗ ಕೂಡ್ತದ. ಹರಿದಲ್ಲಿ ಇನ್ನೊಂದು ತುಂಡು ಹಚ್ಚಿ ಮತ್ತ ಬಡೀರಿ. ಕಾಗದದ ನೀರಿನ ಹೊಳಪು ಹೋದ ಮ್ಯಾಲ ಮಸಿ. ದೀಪದ ಕಾಡಿಗೆ, ಗೋಂದು, ನೀರು ಕಲಸಿದ್ದು. ಬಟ್ಟಿ ಉಂಡಿಗೆ ತುಸು ಮಸಿ ಹಚ್ಚಿ ಹಗೂರಕ ತಟ್ರಿ. ಅಕ್ಷರ ಬಿಳಿ ಉಳೀತದ, ಸುತ್ತ ಕರಿ ಆಗ್ತದ. ಅವಸರ ಮಾಡಿದ್ರ ಹಸಿ ಕಾಗದದಾಗ ಮಸಿ ಹರಿದು ಕಲ್ಲಿಗೂ ಇಳೀತದ. ತಡ ಮಾಡಿದ್ರ ಕಾಗದ ಒಣಗಿ ಎದ್ದುಬಿಡ್ತದ. ನಮ್ಮ ಏಪ್ರಿಲ್-ಮೇ ಬಿಸಿಲಾಗ ಮಧ್ಯಾಹ್ನ ಈ ಕೆಲಸ ಆಗೋದಿಲ್ಲ, ಮುಂಜಾನಿನೇ ಮುಗಿಸ್ಬೇಕು. ಪೂರ್ತಿ ಒಣಗಿದ ಮ್ಯಾಲ ಬಿಡಿಸಿ, ಹಿಂದ ಊರು, ತಾರೀಖು ಬರೀರಿ.

ಫೋಟೋ ಸಾಕಂದ್ರ ಕತ್ತಲಾದ ಮ್ಯಾಲ ಟಾರ್ಚ್ ಮಗ್ಗಲಿಂದ ಹಿಡೀರಿ. ಎದುರಿಂದ ಹಿಡಿದ್ರ ಅಕ್ಷರ ಕಾಣೋದೇ ಇಲ್ಲ.

ಇನ್ನ ತೇದಿ. ಇಸವಿ ತಿಳೀಲಿಕ್ಕೆ ಶಕ ವರ್ಷಕ್ಕ 78 ಕೂಡಿಸ್ತಾರ. ಆದ್ರ ಕಲ್ಯಾಣದ ಚಾಲುಕ್ಯ ರಾಜ ಆರನೇ ವಿಕ್ರಮಾದಿತ್ಯ ಶಕ ಬಿಟ್ಟು ತನ್ನದೇ ಲೆಕ್ಕ ಸುರು ಮಾಡ್ದ. ಚಾಲುಕ್ಯ ವಿಕ್ರಮ ವರ್ಷ 1 ಅಂದ್ರ 1076. ಹಂಗಾಗಿ 1075 ಕೂಡಿಸ್ರಿ. 12ನೇ ವರ್ಷ ಇದ್ರ 1087. ಸಂವತ್ಸರ ಪ್ರಭವ ಬರಬೇಕು, ಬರಲಿಲ್ಲಂದ್ರ ಅಂಕಿ ಮತ್ತೊಮ್ಮೆ ನೋಡ್ರಿ. ಕೊರದವನೇ ತಪ್ಪಿರಲೂಬಹುದು. ಮಾಘ, ಫಾಲ್ಗುಣ ಇದ್ರ ಇಸವಿ 1088.

ಹೊಸ ಶಾಸನ ಸಿಕ್ತು ಅಂತ ಪೇಪರಿಗೆ ಕೊಡೂಕಿಂತ ಮೊದಲು ಹಳೆ ಪಟ್ಟಿ ತಿರುವಿ ಹಾಕ್ರಿ, ಅರ್ಧಕ್ಕರ್ಧ ಮಂದಿ ಎಡವೋದೇ ಇಲ್ಲಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳವ. ಯಾದಗಿರಿ ಜಿಲ್ಲಾ ಆಗಿದ್ದು 2009ರ ಕೊನಿಗೆ, ಹಂಗಾಗಿ ಶಹಾಪುರ, ಸುರಪುರದ ಕಲ್ಲುಗಳನ್ನ ಹಳೆ ಪುಸ್ತಕದಾಗ ಗುಲ್ಬರ್ಗಾ ಅಂತ ಹುಡುಕಬೇಕು. ನಿಜಾಮರ ಪುರಾತತ್ವ ಇಲಾಖೆ ಪ್ರಕಟಣೆ ಇಂಗ್ಲಿಷಿನ್ಯಾಗವ. ಚಿತ್ತಾಪುರ ಹತ್ರದ ನಾಗಾವಿ ಅದರಾಗ ನಾಗೈ ಅಂತ ಅದ.